ಹೆಂಡತಿಯನ್ನು ನೋಡಿ ಬರೋಕೊಂದು ಅರ್ಜಿ

ಗುಬ್ಬಿಯಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ಟು, ಪೈಪು ಮಾರ್ತಾ ಇದೀನಿ. ಎದುರಿಗೆ ನಿಂತವನು ಕೊಳ್ಳೋಕೆ ಬಂದನೋ, ರೇಟು ಕೇಳ್ಕೊಂಡು ಹೋಗೋಕೆ ಬಂದನೋ ಅನ್ನೋದು ಅವನು ಚಪ್ಪಲಿ ಬಿಡೋ ರೀತಿಯಲ್ಲೇ ಗೊತ್ತಾಗುತ್ತೆ. ಆದರೆ ಸ್ವಂತ ಹೆಂಡತಿಯನ್ನು ನೋಡೋಕೆ ಸರ್ಕಾರದ ಅಪ್ಪಣೆ ಕೇಳ್ಕೊಂಡು ಹೊರಟರೆ, ಎಂಥ ವ್ಯಾಪಾರಿಗೂ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ವಿಷಯ ಇಷ್ಟೇ. ನನ್ನ ಹೆಂಡತಿ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಮಗಳ ಮದುವೆ ಮುಗಿದ ಮೇಲೆ ಹೆಂಡತಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ನನ್ನನ್ನೂ ಕರೆದಳು. "ಅಂಗಡಿ ಯಾರು ನೋಡ್ತಾರೆ? ನೀನು ಹೋಗಿರು" ಅಂದೆ. ಅಲ್ಲಿ ಕಾಯಂ ಆಗಿ ಇರೋಕೆ ಒಪ್ಪಿಗೆ ಸಿಕ್ಕಿದ್ದೇ ತಡ, ಗಂಡನನ್ನು ಕರೆಸ್ಕೊಳ್ತೀನಿ ಅಂತ ಸ್ಪಾನ್ಸರ್ ಅರ್ಜಿ ಹಾಕಿಬಿಟ್ಟಳು. ಆ ಫೈಲು ಯಾವುದೋ ಮೇಜಿನ ಮೇಲೆ ಮಲಗಿತ್ತು. ಅಷ್ಟರಲ್ಲಿ ಅವಳಿಗೆ ಮೂರು ವಾರ ರಜಾ ಸಿಕ್ಕಿತು. ಮುಖ ನೋಡಿ ಒಂದೂವರೆ ವರ್ಷವಾಗಿತ್ತು. ಫೈಲು ಏಳೋವರೆಗೂ ಕಾಯೋದು ಬೇಡ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ ಅಂತ ವಿಸಿಟರ್ ವೀಸಾಕ್ಕೂ ಅರ್ಜಿ ಹಾಕಲು ಹೊರಟೆ.

ಮೊದಲ ಭೇಟಿ

ಸ್ಪಾನ್ಸರ್ ಫೈಲಿಗೆ ಇನ್ನಷ್ಟು ವಿವರ ಕೇಳಿದ್ದರು. ಎರಡೂ ಅರ್ಜಿ ನೋಡ್ಕೊಳ್ಳೋಕೆ ತುಮಕೂರಿನಲ್ಲಿ ಒಬ್ಬಳು ಕನ್ಸಲ್ಟೆಂಟ್ ಹುಡುಗಿ ಸಿಕ್ಕಳು. ಕಂಪ್ಯೂಟರ್ ನೋಡ್ಕೊಂಡೇ ಕೇಳಿದಳು:

"ಅಂಕಲ್, ಆಂಟೀನ ಮೊದಲು ಎಲ್ಲಿ ಮೀಟ್ ಆದ್ರಿ?"

"ಕುಣಿಗಲ್ ಹತ್ರ, ಕೊತ್ತಗೆರೇಲಿ."

"ಏನು ಫಂಕ್ಷನ್ನು?"

"ನಾಮಕರಣ."

"ಯಾರ್ದು?"

"ಅವಳ್ದೇ."

ಹುಡುಗಿಯ ಬೆರಳು ನಿಂತಿತು. ನನ್ನ ಹೆಂಡತಿ ನನ್ನ ಸೋದರತ್ತೆಯ ಮಗಳು. ನಮ್ಮ ಕಡೆ ಇದು ಮಾಮೂಲು. "ನನಗೆ ಆಗ ನಾಲ್ಕು ವರ್ಷ ಕಣಮ್ಮ. ತೊಟ್ಟಿಲು ತೂಗು ಅಂದ್ರು, ತೂಗಿದೆ" ಅಂತ ವಿವರಿಸಿದೆ.

"ಅಯ್ಯೋ ಅಂಕಲ್, ಇದನ್ನ ಅಲ್ಲಿಯವರಿಗೆ ಹೆಂಗೆ ಹೇಳೋದು? ಪರಿಚಯ ಪ್ರೀತಿಗೆ ತಿರುಗಿದ್ದು ಯಾವಾಗ ಅಂತ ಬೇರೆ ಬರೀಬೇಕು."

ಸ್ಟಾಕಿನಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲದ ಮಾಲಿಗೆ ನಾನು ಬಿಲ್ ಹಾಕೋನಲ್ಲ. ಅಲ್ಲೇ ಹೆಂಡತಿಗೆ ಫೋನ್ ಮಾಡಿದೆ. "ಪ್ರೀತಿ ಯಾವಾಗ ಶುರುವಾಯ್ತು ಅಂತ ಕೇಳ್ತಿದಾರೆ ಕಣೇ. ಏನು ಬರೆಸಲಿ?"

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನನ್ನು ಚಿಕ್ಕಂದಿನ ಹಾಗೆ ಬಾವ ಅಂತಲೇ ಕರೆಯೋದು. "ಅದೂ ಪೆಂಡಿಂಗ್ ಅಂತ ಬರೆಸಿ ಬಾವ" ಅಂದಳು.

ಜೋಡಿ ಫೋಟೋ

ಮದುವೆ ನಿಜ ಅನ್ನೋದಕ್ಕೆ ಗಂಡ ಹೆಂಡತಿ ಜೊತೆಯಲ್ಲಿರೋ ಫೋಟೋ ಬೇಕಂತೆ. ಅತ್ತೆ ಈಗ ನನ್ನ ಮನೆಯಲ್ಲೇ ಇರೋದು. ಆಲ್ಬಮ್ಮುಗಳನ್ನು ಚೀಲಕ್ಕೆ ತುಂಬ್ಕೊಂಡು ತಾನೂ ಬಂದಳು.

ಹುಡುಗಿ ಪುಟ ತಿರುಗಿಸಿದಳು. ಗೃಹಪ್ರವೇಶದಲ್ಲಿ ನಾನು ಈ ಕಡೆ, ಹೆಂಡತಿ ಆ ಕಡೆ, ನಡುವೆ ಅತ್ತೆ. ಧರ್ಮಸ್ಥಳದಲ್ಲೂ ನಡುವೆ ಅತ್ತೆ. ಅಂಗಡಿ ಪೂಜೆಯಲ್ಲಿ ನಾನೂ ಅತ್ತೆಯೂ ಇದೀವಿ, ಹೆಂಡತಿ ಡ್ಯೂಟಿಗೆ ಹೋಗಿದ್ದಾಳೆ.

"ಅಂಕಲ್, ನೀವಿಬ್ಬರೇ ಇರೋದು ಒಂದೂ ಇಲ್ವಾ?"

"ಇಬ್ಬರೇ ಇದ್ದಾಗ ಫೋಟೋ ತೆಗೆಯೋರು ಯಾರಮ್ಮ?"

ಹುಡುಗಿ ತಲೆ ಕೆರೆದುಕೊಂಡಳು. "ತಪ್ಪು ತಿಳೀಬೇಡಿ. ಇದನ್ನೆಲ್ಲ ಕಳಿಸಿದ್ರೆ ಆಫೀಸರು ಅಜ್ಜೀನೇ ನಿಮ್ಮ ವೈಫ್ ಅಂದ್ಕೋತಾರೆ."

ಅತ್ತೆ ಸೆರಗು ಸರಿ ಮಾಡ್ಕೊಂಡು ಹೇಳಿದಳು: "ಅಂದ್ಕಳ್ಲಿ ಬುಡು. ಆ ಈಸಾ ನಂಗೇ ಕೊಡ್ಲಿ, ಮಗಳ ಮನೆ ನಾನೇ ನೋಡ್ಕಂಡು ಬತ್ತೀನಿ. ನೀನು ಅಂಗ್ಡಿ ನೋಡ್ಕಳ್ಲಾ."

ವಾಪಸ್ ಬರ್ತೀನಿ ಅನ್ನೋದಕ್ಕೆ ಸಾಕ್ಷಿ

ಸ್ಪಾನ್ಸರ್ ಫೈಲಿನಲ್ಲಿ, ಕಾಯಂ ಆಗಿ ಬಂದಿರ್ತೀನಿ ಅಂತ ನನ್ನ ಸೈನ್ ಇದೆ. ವಿಸಿಟರ್ ಅರ್ಜಿಯಲ್ಲಿ ಮೂರು ವಾರಕ್ಕೆ ವಾಪಸ್ ಹೋಗ್ತೀನಿ ಅಂತಲೂ ನನ್ನದೇ ಸೈನ್.

"ಒಂದೇ ಮಾಲಿಗೆ ಎರಡು ರೇಟು ಹೇಳಿದಂಗಾಗಲ್ವೇನಮ್ಮ?" ಅಂದೆ.

"ಎರಡೂ ನಿಜವಾದ್ರೆ ತಪ್ಪಿಲ್ಲ ಅಂಕಲ್. ಆದ್ರೆ ನೀವು ವಾಪಸ್ ಬರಲೇಬೇಕು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಕೊಡಿ."

ಅಂಗಡಿ ಲೈಸೆನ್ಸು, ಮನೆ ಕಂದಾಯದ ರಸೀದಿ ಎಲ್ಲ ಕೊಟ್ಟೆ. ಇನ್ನೇನು ಕೊಡೋದು ಅಂತ ಅಂಗಡಿಯಲ್ಲಿ ಕೂತು ಯೋಚಿಸ್ತಿದ್ದರೆ, ಬಿದರೆಹಳ್ಳಿ ಕಾವಲ್ ಕಡೆಯ ರೈತರೊಬ್ಬರು ಟವೆಲ್ ಕೊಡವುತ್ತಾ ನುಗ್ಗಿದರು.

"ಏನ್ ಸಾವ್ಕಾರ್ರೇ, ದೇಸ ಬಿಟ್ಟು ಹೊಂಟಿದ್ದೀರಂತೆ? ನಾನು ಮೋಟ್ರು ತಗಂಡು ಆರು ತಿಂಗ್ಳಾಗಿಲ್ಲ. ಎರಡು ವರ್ಸ ಗ್ಯಾರಂಟಿ ಅಂದಿದ್ರಿ. ಅಲ್ಲೀಗಂಟ ನೀವು ಗುಬ್ಬಿ ಬಿಟ್ಟು ಅಲ್ಲಾಡಂಗಿಲ್ಲ!"

"ಯಜಮಾನ್ರೇ, ಕೂತ್ಕೊಳಿ. ಈಗ ಹೇಳಿದ್ರಲ್ಲ, ಅದನ್ನೇ ಬರೆದು ಸೈನ್ ಹಾಕ್ಕೊಡಿ" ಅಂದೆ.

ಅವರಿಗೆ ಅನುಮಾನ ಬಂತು. "ಕೋರ್ಟು ಗೀರ್ಟು ಇಲ್ಲ ತಾನೆ?" ಅಂತ ಮೂರು ಸಲ ಕೇಳಿ ಸೈನ್ ಹಾಕಿದರು. ಆ ಕಾಗದ ಇಂಗ್ಲಿಷಿಗೆ ತರ್ಜುಮೆಯಾಗಿ ಉಳಿದ ದಾಖಲೆಗಳ ಜೊತೆ ಹೋಯಿತು. ಸ್ವಲ್ಪ ದಿನಕ್ಕೆ ವೀಸಾ ಬಂತು. ಸುದ್ದಿ ಕೇಳಿ ಯಜಮಾನರು ಮತ್ತೆ ಬಂದರು.

"ಈಸಾ ಕೊಡ್ಸಿದ್ದು ನನ್ನ ಕಾಗ್ದ. ಗ್ಯಾರಂಟೀನ ಮೂರು ವರ್ಸ ಮಾಡಿ."

ಕೌಂಟರಿನಲ್ಲಿ

ವೀಸಾ ಇದ್ದರೂ ಒಳಗೆ ಬಿಡೋದು ಅಲ್ಲಿನ ಏರ್‌ಪೋರ್ಟ್ ಆಫೀಸರ ಇಷ್ಟ. ಅನುಮಾನ ಬಂದರೆ ಅದೇ ವಿಮಾನಕ್ಕೆ ಹತ್ತಿಸಿ ಕಳಿಸ್ತಾರೆ ಅಂತ ಹುಡುಗಿ ಹೆದರಿಸಿದ್ದಳು. ಬಾಗಿಲ ಆಚೆ ಹೆಂಡತಿ ಕಾಯ್ತಿದ್ದಾಳೆ. ಈಚೆ ನಾನು, ನಡುವೆ ಒಂದು ಕೌಂಟರು. ಹುಟ್ಟಿದಾಗಿನಿಂದ ನಾನು ಕೌಂಟರಿನ ಒಳಗೇ ನಿಂತವನು, ಹೊರಗೆ ನಿಂತು ಅಭ್ಯಾಸವಿಲ್ಲ.

ಆಫೀಸರಿಗೆ ಪುಣ್ಯಕ್ಕೆ ಹಿಂದಿ ಬರ್ತಿತ್ತು. ಕಂಪ್ಯೂಟರ್ ನೋಡಿ, "ನಿಮ್ಮ ಹೆಂಡತಿ ನಿಮ್ಮನ್ನ ಸ್ಪಾನ್ಸರ್ ಮಾಡಿದಾರೆ. ಈಗ ಯಾಕೆ ಬಂದ್ರಿ?" ಅಂತ ಕೇಳಿದ.

"ಫೈಲು ಬರೋದು ತಡ ಆಯ್ತು, ನಾನೇ ಬಂದೆ" ಅಂದೆ.

ಅವನು ಕಾಗದ ತಿರುವಿ ಹಾಕಿ ತಣ್ಣಗೆ ಅಂದ: "ಸರಿ. ಆರು ತಿಂಗಳು ಇರಬಹುದು."

ಕೇಳದೇ ಇಷ್ಟು ಧಾರಾಳವಾಗಿ ಕೊಡೋನು ಯಾವತ್ತೂ ಒಳ್ಳೆ ಮಾಲು ಕೊಡಲ್ಲ. ಇದು ಪರೀಕ್ಷೆ. ಹೂಂ ಅಂದರೆ, ಇವನು ಇಲ್ಲೇ ಉಳಿಯೋ ಆಸಾಮಿ ಅಂತ ವಾಪಸ್ ಕಳಿಸ್ತಾನೆ.

"ಆರು ತಿಂಗಳಾ? ಜಾಸ್ತಿ ಆಯ್ತು ಸಾರ್. ಮೂರು ವಾರ ಸಾಕು."

"ಎಲ್ಲರಿಗೂ ಆರು ತಿಂಗಳೇ ಕೊಡೋದು."

"ಎಲ್ಲರ ಮಾತು ಬಿಡಿ, ನಾನು ಅಂಗಡಿ ಬಿಟ್ಟು ಬಂದಿದೀನಿ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಅಂತ ಕಂಡ್ರೆ ನನ್ನ ಹೆಂಡತಿ ಆರು ತಿಂಗಳೂ ಬಿಡಲ್ಲ. ನನ್ನ ಮಾತೂ ಬೇಡ ನಿಮ್ಮ ಮಾತೂ ಬೇಡ, ಒಂದು ತಿಂಗಳು ಮಾಡಿ."

ಅವನು ಪಕ್ಕದ ಕೌಂಟರಿನವನನ್ನು ಕರೆದು ಏನೋ ಹೇಳಿದ. ಇಬ್ಬರೂ ನಕ್ಕರು. "ಜಾಸ್ತಿ ಕೊಡಿ ಅನ್ನೋರನ್ನ ನೋಡಿದೀನಿ. ಚೌಕಾಸಿ ಮಾಡಿ ಕಡಿಮೆ ಮಾಡ್ಸೋರು ನೀವೇ ಮೊದಲು" ಅಂದು ತಲೆಯಾಡಿಸಿ ಠಸ್ಸೆ ಒತ್ತಿದ. ಮೂವತ್ತು ವರ್ಷದ ಅನುಭವ ಸುಮ್ಮನೆ ಹೋಗಲ್ಲ ಅಂತ ಎದೆಯುಬ್ಬಿಸಿಕೊಂಡು ಆಚೆ ಬಂದೆ.

ಹೆಂಡತಿ ದಪ್ಪ ಕೋಟಿನೊಳಗೆ ಅರ್ಧ ಆಗಿದ್ದಳು. ಕಣ್ಣು ಕೆಂಪಗಿತ್ತು.

"ಎಷ್ಟು ದಿನ ಕೊಟ್ರು ಬಾವ?"

"ಅವನು ಆರು ತಿಂಗಳು ಅಂದ. ನಾನು ಬಿಡ್ತೀನಾ? ಒಂದಕ್ಕೆ ಇಳಿಸಿದೆ."

ಅವಳು ಪಾಸ್‌ಪೋರ್ಟ್ ಕಿತ್ತುಕೊಂಡು ಠಸ್ಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಅರಳಿತು.

"ತಾರೀಕು ಎಲ್ಲಿ ಬರೆದಿದಾನೆ? ಇಲ್ಲಿ ಬರೀ ಠಸ್ಸೆ ಹೊಡೆದು ಬಿಟ್ರೆ ಆರು ತಿಂಗಳು ಅಂತಲೇ ಲೆಕ್ಕ."

"ಇಲ್ಲ ಕಣೇ, ಒಪ್ಕೊಂಡು ತಲೆಯಾಡಿಸಿದ!"

"ನೀವು ಅಂಗಡೀಲಿ ಮಾಡೋದೂ ಅದೇ ಅಲ್ವಾ?" ಅಂದಳು. "ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ನಿಮ್ಮ ರೇಟಿಗೇ ಪ್ಯಾಕ್ ಮಾಡಿ ಕಳಿಸೋದು." ಪಾಸ್‌ಪೋರ್ಟನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.