ಶಾಂತ ಹಸಿರು ಗೋಡೆ ಮತ್ತು ವಿರುಪಮ್ಮನ ಕರಿಹಲಗೆ

ಕಪ್ಪು ಬಣ್ಣವು ವಿದ್ಯಾರ್ಥಿಗಳ ಕಲಿಕೆಗೆ ಹಾನಿಕಾರಕವೆಂದು ಜೂನ್ ತಿಂಗಳಲ್ಲಿ ತೀರ್ಮಾನವಾಯಿತು. ತೀರ್ಮಾನಿಸಿದ್ದು ತರಗತಿ ಒಳಾಂಗಣ ಸೌಂದರ್ಯ ಸಮಿತಿ. ಪ್ರಯೋಗಕ್ಕೆ ಆಯ್ಕೆಯಾದದ್ದು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಕಡ್ಡಿರಾಂಪುರದ ಆಚೆ ಇರುವ ಒಂದು ಪ್ರೌಢಶಾಲೆಯ ಹತ್ತನೇ ತರಗತಿ.

ಗೋಡೆಗೆ 'ಶಾಂತ ಹಸಿರು' ಬಳಿದರು. ಸಮಿತಿ ಅಧ್ಯಕ್ಷರ ಅಳಿಯನ ಬಣ್ಣದಂಗಡಿಯಲ್ಲಿ ಬೇರೆ ಬಣ್ಣ ಉಳಿದಿರಲಿಲ್ಲವಾದ್ದರಿಂದ ಸಂಶೋಧನೆಗೂ ದಾಸ್ತಾನಿಗೂ ಸಂಪೂರ್ಣ ಹೊಂದಾಣಿಕೆ ಇತ್ತು. ಮೆತ್ತನೆಯ ಕುರ್ಚಿಗಳು ಬಂದವು. ಅವುಗಳ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆಯಲಿಲ್ಲ. ಹೊಸ ಸಾಮಾನಿನ ಪ್ಲಾಸ್ಟಿಕ್ ತೆಗೆಯುವ ಪದ್ಧತಿ ನಮ್ಮ ಕಡೆ ಇಲ್ಲ. ಕೊನೆಗೆ ಕರಿಹಲಗೆಯನ್ನು ಇಳಿಸಿ, ನಿಯಮಾನುಸಾರ ಗುಜರಿಗೆ ಹಾಕಿದರು.

ಗಣಿತದ ಮೇಷ್ಟ್ರು ಹೊನ್ನೂರುಸ್ವಾಮಿ ಮುಖ್ಯೋಪಾಧ್ಯಾಯ ಪಾಲಪ್ಪನವರ ಬಳಿ ಓಡಿದರು.

"ಸರ್, ಹಲಗಿ ಇಲ್ದ ಲೆಕ್ಕ ಹೆಂಗ ಹೇಳ್ಲಿ?"

"ಬಾಯಾಗ ಹೇಳ್ರಿ."

"ತ್ರಿಕೋನ ಬಾಯಾಗ ಬರಂಗಿಲ್ರಿ."

"ಗೋಡಿ ನೋಡಿದ್ರ ತಾನೇ ಮನಸ್ಸಿಗೆ ಬರ್ತೈತಂತ. ಸುತ್ತೋಲೆ ಐತಿ."

ಪಾಲಪ್ಪನವರನ್ನು ದೂರುವಂತಿಲ್ಲ. ಆವರಣದೊಳಗೆ ಕಪ್ಪು ಕೂಡದು ಎಂದು ಸಮಿತಿ ಹೇಳಿದ್ದೇ ತಡ, ಎಲ್ಲರ ಕೊಡೆಗಳನ್ನು ಗೇಟಿನಲ್ಲೇ ಇಡಿಸಿದರು. ತಾವೂ ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ, ಒಂದೇ ತಿಂಗಳಲ್ಲಿ ಮುದುಕರಾದರು.

ಸೀಮೆಸುಣ್ಣದಿಂದ ಹಸಿರು ಗೋಡೆ ಮುಟ್ಟಿದ್ದಕ್ಕೆ ಮೇಷ್ಟ್ರಿಗೆ ನೋಟಿಸ್ ಬಂತು. ದಸರಾ ಹೊತ್ತಿಗೆ ಮಕ್ಕಳು ಎಷ್ಟು ಶಾಂತರಾಗಿದ್ದರೆಂದರೆ, ಮಧ್ಯಾಹ್ನದ ಪಾಠಕ್ಕೆ ಗೊರಕೆ ಹೊಡೆಯುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಡೀ ತರಗತಿ ಗಣಿತದಲ್ಲಿ ಮಕಾಡೆ ಮಲಗಿತು. ಸಮಿತಿ ಇದನ್ನು 'ಹಸಿರಿಗೆ ಒಗ್ಗಿಕೊಳ್ಳುವ ಹಂತ' ಎಂದು ದಾಖಲಿಸಿತು.

ಮೇಷ್ಟ್ರ ಕರುಳು ಚುರುಕ್ಕೆಂದದ್ದು ಸುನಿತಾಳನ್ನು ನೋಡಿ. ಲೆಕ್ಕ ಎಂದರೆ ಪ್ರಾಣ ಬಿಡುವ ಹುಡುಗಿ. ಶಾಲೆಯೆದುರು ತಿಂಡಿ ಅಂಗಡಿ ಇಟ್ಟಿದ್ದ ಅವಳ ತಾಯಿ ವಿರುಪಮ್ಮ ಖಂಡತುಂಡವಾಗಿ ಹೇಳಿಬಿಟ್ಟರು: "ಪಾಸಾದ್ರ ಮುಂದ ಓದ್ಸತೀನ್ರಿ. ಇಲ್ಲಾಂದ್ರ ಬಾಣಲಿ ಮುಂದ ಕುಂದ್ರಸ್ತೀನಿ."

ಕೇಳುತ್ತಾ ನಿಂತ ಮೇಷ್ಟ್ರ ಕಣ್ಣು ಅಂಗಡಿಯ ಗೋಡೆಗೆ ಹೋಯಿತು. ಅಲ್ಲಿ ತಮ್ಮದೇ ತರಗತಿಯ ಕರಿಹಲಗೆ! ಗುಜರಿಯವನಿಂದ ತಂದು, ವಿರುಪಮ್ಮ ಅದರ ಮೇಲೆ ತಿಂಡಿಗಳ ಹೆಸರು ಬರೆಸಿದ್ದರು. ಮೇಷ್ಟ್ರಿಗೆ ಅಳುವೇ ಬಂತು.

"ಯವ್ವಾ, ಅರ್ಧ ಹಲಗಿ ನಂಗ ಕೊಡ್ರಿ."

"ತಗೋರಿ. ಇಡ್ಲಿ ಅಳಸಬ್ಯಾಡ್ರಿ ಮತ್ತ."

ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಹತ್ತನೇ ತರಗತಿ ಅಂಗಡಿಯ ಬೆಂಚುಗಳ ಮೇಲೆ ಕೂತಿತು. ಹೊಗೆ, ಮೆಣಸಿನಕಾಯಿ ಘಾಟು, ಹಂಪಿ ಬಸ್ಸಿನ ಹಾರ್ನು. ಸಮಿತಿಯ ಯಾವ ಮಾನದಂಡಕ್ಕೂ ಒಪ್ಪದ ಜಾಗ. ಹಲಗೆಯ ಎಡಕ್ಕೆ ಇಡ್ಲಿ, ಮಿರ್ಚಿ, ಮಂಡಕ್ಕಿ ಒಗ್ಗರಣಿ, ಬಲಕ್ಕೆ ಪ್ರಮೇಯ. ಹತ್ತಕ್ಕೆ ಎಲ್ಲರೂ ಶಾಲೆಗೆ ಹೋಗಿ, ಪ್ಲಾಸ್ಟಿಕ್ ಮೇಲೆ ಕೂತು ಶಾಂತರಾಗುತ್ತಿದ್ದರು.

ಫಲಿತಾಂಶ ಬಂದಾಗ ಎಲ್ಲರೂ ಪಾಸು. ಸುನಿತಾಗೆ ಗಣಿತದಲ್ಲಿ ನೂರಕ್ಕೆ ನೂರು. ಆದ್ದರಿಂದ ಹಸಿರು ಗೋಡೆಗೆ ಪ್ರಶಸ್ತಿ ಘೋಷಣೆಯಾಯಿತು. ಶಾಲೆ ಮತ್ತೆ ಶುರುವಾದ ವಾರ ಅಧ್ಯಕ್ಷರು ಖುದ್ದು ಬಂದು ಗೋಡೆಗೆ ಹಾರ ಹಾಕಿದರು; ಸಂಡೂರು, ಕಂಪ್ಲಿಯ ಶಾಲೆಗಳ ಹಲಗೆಗಳನ್ನೂ ಕೂಡಲೇ ಇಳಿಸುವಂತೆ ಆದೇಶಿಸಿದರು. ಇದ್ದದ್ದು ಇದ್ದಂತೆ ಹೇಳೋಣವೆಂದು ಮೇಷ್ಟ್ರು ಬಾಯಿ ತೆರೆದರು. ಹೇಳಿದರೆ ಅಂಗಡಿಯ ಹಲಗೆಯೂ ಹೋಗುತ್ತದೆಂದು ಹೊಳೆದು, ಚಪ್ಪಾಳೆ ತಟ್ಟಿದರು.

ಸಮಾರಂಭ ಮುಗಿಸಿ ಹಸಿದ ಅಧ್ಯಕ್ಷರು ನೇರ ವಿರುಪಮ್ಮನ ಅಂಗಡಿಗೇ ಬಂದರು. ಹೊಸ ಮಕ್ಕಳಿಗೆ ಅಂದು ಬೆಳಿಗ್ಗೆ ಬರೆದ ಪಾಠ ಹಾಗೇ ಇತ್ತು. ಅಧ್ಯಕ್ಷರು ಹಲಗೆಯನ್ನು ಎಡದಿಂದ ಬಲಕ್ಕೆ ಗಂಭೀರವಾಗಿ ಓದಿದರು. ಹಿಂದೆಯೇ ಬಂದಿದ್ದ ಮೇಷ್ಟ್ರು ಅಂಗಿಯ ಮೇಲಿನ ಸೀಮೆಸುಣ್ಣದ ಪುಡಿ ಒರೆಸಿಕೊಂಡರು.

"ಎರಡು ಮಿರ್ಚಿ ಕೊಡಮ್ಮ," ಎಂದರು ಅಧ್ಯಕ್ಷರು. ಆಮೇಲೆ ಬಲಬದಿಯ ತ್ರಿಕೋನದತ್ತ ಬೆರಳು ತೋರಿಸಿದರು. "ಈ ಪೈಥಾಗೊರಸ್ ಒಂದು ಪ್ಲೇಟ್. ಒಳಗೆ ಆಲೂಗಡ್ಡೆ ತಾನೇ?"

ವಿರುಪಮ್ಮ ಬಾಣಲೆಯಿಂದ ತಲೆಯೆತ್ತಲಿಲ್ಲ. "ಅದು ಮುಂಜಾನಿಗೇ ಖಾಲಿ ಆಗತೈತ್ರಿ ಸಾಹೇಬ್ರ. ಏಳಕ್ಕ ಬರಬೇಕು."

ಅಧ್ಯಕ್ಷರು ಬೇಸರ ಮಾಡಿಕೊಳ್ಳಲಿಲ್ಲ. ನಾಳೆಗೆ ಎರಡು ಪ್ಲೇಟ್ ಎತ್ತಿಡಲು ಮೇಷ್ಟ್ರಿಗೆ ಹೇಳಿ, ಕಾರು ಹತ್ತಿದರು.