ಕಲ್ಲಿಗೂ ಬಾಗಿಲು ತೆಗೆಯುವ ಮಾವ

ಅಥವಾ ಆವತ್ತು ಅಷ್ಟೇನೂ ಕತ್ತಲಾಗಿರಲಿಲ್ಲವೇನೋ. ಆ ಶನಿವಾರದ ಕಥೆ ಹೇಳಿದಾಗಲೆಲ್ಲ ನಾನು ಒಂದಿಷ್ಟು ಕತ್ತಲು ಸೇರಿಸುತ್ತ ಬಂದಿದ್ದೇನೆ. ಮೂಲದಲ್ಲಿ ಎಷ್ಟಿತ್ತು ಎಂಬುದು ಈಗ ನನಗೇ ತಿಳಿಯದು. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ದುರ್ಗದಿಂದ ತುರುವನೂರಿಗೆ ಹೋಗುವ ರಸ್ತೆಯ ಮೈಲಿಗಲ್ಲುಗಳಿಗೆಲ್ಲ ನಮ್ಮ ಮಾವ ಒಮ್ಮೆಯಾದರೂ ಲಿಫ್ಟ್ ಕೊಡಲು ನೋಡಿದ್ದಾರೆ. ಒಂದೂ ಹತ್ತಲಿಲ್ಲ. ಅದು ಕಲ್ಲುಗಳ ಬಿಂಕ!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ, ಹೈಸ್ಕೂಲಿನ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ತೂಕಡಿಸುವ ಇವರ ಭಕ್ತಿ ಎಚ್ಚರವಾಗುವುದು ರಸ್ತೆಯ ಮೇಲೆ. ಅವರ ಹಳೆಯ ವ್ಯಾನು ದಾರಿಯಲ್ಲಿ ನಿಂತ ಯಾರನ್ನೂ ಬಿಟ್ಟು ಹೋದದ್ದಿಲ್ಲ. ಈರುಳ್ಳಿ ಚೀಲದವರು, ಬಸ್ಸು ತಪ್ಪಿದ ಹುಡುಗಿಯರು, ಕುಡಿದವರು, ಒಮ್ಮೆ ಒಂದು ಮೇಕೆ. ಮೇಕೆಯ ಜೊತೆ ಯಾರೂ ಇರಲಿಲ್ಲ. ಕೇಳಿದರೆ, "ಅದೂ ನಿಂತಿತ್ತಲ್ಲಪ್ಪ" ಎಂದರು.

ಆಮೇಲೆ ಕಣ್ಣು ಕೈಕೊಟ್ಟಿತು. ಪೊರೆ ತೆಗೆಸಿದರೂ ಮಂಜು ಹೋಗಲಿಲ್ಲ. ದುರ್ಗದ ಸುತ್ತ ಬಂಡೆಗಳಿಗೇನು ಕಡಿಮೆಯೇ? ಸಂಜೆಯಾದರೆ ಅವು ಮುಸುಕು ಹೊದ್ದು ಕೂತವರಂತೆ, ಮಗು ಎತ್ತಿಕೊಂಡವರಂತೆ, ಯಾರನ್ನೋ ಬಹಳ ಕಾಲದಿಂದ ಕಾಯುತ್ತಿರುವವರಂತೆ ಕಾಣುತ್ತವೆ. ಮಾವ ವ್ಯಾನು ನಿಲ್ಲಿಸುತ್ತಿದ್ದರು. ಇಳಿದು ಹಿಂದಿನ ಬಾಗಿಲು ಸರಿಸಿ, "ಹತ್ರಿ, ಜಾಗ ಐತೆ" ಎಂದು ಬಂಡೆಗೆ ಹೇಳಿ, ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ಬಾಗಿಲು ಹಾಕುತ್ತಿದ್ದರು. ಡ್ರಿಲ್ ಮಾಸ್ತರು ಸತ್ತವರನ್ನು ಹತ್ತಿಸಿಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿತು. ಸಂಜೆ ಮೇಲೆ ಬದುಕಿದ್ದವರು ಆ ವ್ಯಾನಿಗೆ ಕೈ ಅಡ್ಡ ಹಾಕುವುದನ್ನೇ ಬಿಟ್ಟರು!

"ಕಲ್ಲಿಗೆ ಯಾಕ್ರೀ ನಿಲ್ಲಿಸ್ತೀರಿ?" ಎಂದು ಅತ್ತೆ ಕೇಳಿದಳು.

"ಯೇಸಪ್ಪ ಯಾವ ವೇಷದಾಗೆ ನಿಂತಿರ್ತಾನೋ ಯಾರಿಗ್ಗೊತ್ತು."

"ಮೈ ಮೇಲೆ ಕಿಲೋಮೀಟ್ರು ಬರ್ಕಂಡು ನಿಂತಿರ್ತಾನಾ?"

"ಹತ್ತು ಕಲ್ಲಿಗೆ ನಿಲ್ಸಿದ್ರೆ ಹೋಗೋದೇನೈತೆ? ಒಬ್ಬ ಮನುಷ್ಯನ್ನ ಕಲ್ಲು ಅನ್ಕಂಡು ಹೋಗ್ಬಿಟ್ರೆ?"

"ಪೆಟ್ರೋಲು ಹೋಗ್ತೈತೆ" ಎಂದಳು ಅತ್ತೆ.

ಆದರೆ ನನ್ನನ್ನು ಅಡುಗೆಮನೆಗೆ ಕರೆದಾಗ ಅವಳ ಮುಖದಲ್ಲಿ ನಗೆ ಇರಲಿಲ್ಲ. "ಈ ಶನಿವಾರ ಜೊತೆಗೋಗಿ ನೋಡ್ಕಂಡು ಬಾರಪ್ಪ. ಕಣ್ಣು ಕಾಣ್ಸಲ್ಲ ಅಂತ ನೀನೊಂದು ಮಾತು ಹೇಳು ಸಾಕು, ಕೀ ಕಿತ್ಕಂತೀನಿ. ಎಲ್ಲಾದ್ರೂ ಗುದ್ದಿ ಯಾರಿಗಾದ್ರೂ ಏನಾದ್ರೂ ಆದ್ರೆ?" ಅವಳ ಮಾತು ನ್ಯಾಯವೇ. ವ್ಯಾನು ಹೋದರೆ ಮಾವ ಏನಾಗುತ್ತಾರೆ ಎಂಬುದೂ ನಮ್ಮಿಬ್ಬರಿಗೂ ಗೊತ್ತಿತ್ತು.

ಶನಿವಾರಗಳಂದು ಮಾವ ತುರುವನೂರಿನಲ್ಲಿ ಹಾಸಿಗೆ ಹಿಡಿದ ಸ್ನೇಹಿತರೊಬ್ಬರಿಗೆ ಬನ್ನು, ಔಷಧಿ ಕೊಟ್ಟು ಬರುತ್ತಿದ್ದರು. ಆ ಶನಿವಾರ ನಾನೂ ಹೋದೆ; ವಾಪಸ್ ಬರುವಾಗ ನಮ್ಮ ವೇಗ ಎಂಥದೆಂದರೆ ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿತು. ಮಾವ ಒಂದು ಕಲ್ಲಿಗೆ ನಿಲ್ಲಿಸಿದರು. ಆಮೇಲೆ ಒಂದು ಜಾಲಿ ಪೊದೆಗೆ. ಮತ್ತೆ ಕಲ್ಲಿಗೆ. ಬಾಗಿಲು ಹಾಕಿದ ಪ್ರತಿ ಸಲವೂ ವ್ಯಾನು ತುಸು ಭಾರವಾಗುತ್ತಿದೆ ಅನ್ನಿಸತೊಡಗಿತು. ನಾನು ಕನ್ನಡಿ ನೋಡುವುದನ್ನು ಬಿಟ್ಟೆ. ಅತ್ತೆಗೆ ಏನು ಹೇಳಬೇಕು ಎಂಬುದಂತೂ ತೀರ್ಮಾನವಾಗಿತ್ತು.

ಮುಂದೆ ಇನ್ನೊಂದು ಗುಂಡುಕಲ್ಲು ಕಂಡಿತು. ಮಾವ ಬ್ರೇಕು ಒತ್ತಿದರು.

"ಮಾವ, ಅದು ಕಲ್ಲು. ನಡೀರಿ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ. ಕಲ್ಲೇ."

ಆದರೂ ಇಳಿದರು. ಬಾಗಿಲು ಸರಿಸಿದರು.

ಕಲ್ಲು ಎದ್ದು ನಿಂತಿತು.

ತಲೆತುಂಬ ಕಂಬಳಿ ಹೊದ್ದ ಮುದುಕಿ. ಕಾಲಿಗೆ ಚಪ್ಪಲಿ ಇರಲಿಲ್ಲ. "ಆಸ್ಪತ್ರಿ" ಎಂದಷ್ಟೇ ಹೇಳಿದಳು. ಮಾವ ಕೈ ಹಿಡಿದು ಹತ್ತಿಸಿದರು. ದುರ್ಗ ಮುಟ್ಟುವವರೆಗೆ ಹಿಂದಿನಿಂದ ಒಂದು ಕೆಮ್ಮಿಲ್ಲ, ಉಸಿರಿಲ್ಲ. ಆಸ್ಪತ್ರೆಯ ಗೇಟಿನ ಮುಂದೆ ಮಾವ ಮತ್ತೆ ಬಾಗಿಲು ತೆಗೆದು, "ನಿಧಾನಕ್ಕೆ ಇಳೀರಿ ತಾಯಿ" ಎಂದು ತುಂಬ ಹೊತ್ತು ನಿಂತಿದ್ದರು. ನಾನು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದೆ.

ಮನೆ ಮುಂದೆ ಎಂಜಿನ್ ಆರಿಸಿ ಮಾವ ಕೀಯನ್ನು ನನ್ನ ಅಂಗೈಯಲ್ಲಿಟ್ಟರು.

"ನಿಮ್ಮತ್ತೆ ಯಾಕೆ ಕಳ್ಸಿದ್ಲು ಅಂತ ಗೊತ್ತು ಕಣಪ್ಪ. ನಂಗೆ ಕಾಣ್ಸಲ್ಲ. ಆ ಅಜ್ಜೀನೂ ಕಾಣ್ಲಿಲ್ಲ, ಏನೋ ಕಪ್ಪಗಿತ್ತು ಅಷ್ಟೇ."

"ಮತ್ತೆ ಯಾಕೆ ಇಳಿದ್ರಿ?"

"ಕಲ್ಲೇ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲ. ಅನುಮಾನ ಬಂತು."

ನನ್ನ ಬೆರಳುಗಳನ್ನು ಕೀಯ ಮೇಲೆ ಮಡಿಸಿ, "ಇನ್ಮೇಲೆ ನೀನು ಓಡ್ಸು" ಎಂದರು. "ನಾನು ನಿಲ್ಸು ಅಂದಾಗ ನಿಲ್ಸು, ಅಷ್ಟೇ." ಆ ದನಿಯಲ್ಲಿ ಡ್ರಿಲ್ ಮಾಸ್ತರು ಇರಲಿಲ್ಲ. ಮಗುವೊಂದು ಕೇಳಿದಂತಿತ್ತು.

ಈಗ ಶನಿವಾರ ನಾನು ಓಡಿಸುತ್ತೇನೆ. ಅವರು ಪಕ್ಕದಲ್ಲಿ ಕೂತು ತಮ್ಮ ಕಣ್ಣಿನ ಮಂಜಿನತ್ತ ಮುಖ ಮಾಡಿರುತ್ತಾರೆ. ನಿಲ್ಸು ಎಂದಲ್ಲಿ ನಿಲ್ಲಿಸಿ, ಇಳಿದು ಬಾಗಿಲು ಸರಿಸಿ ಕಾಯುತ್ತೇನೆ. "ಬಂದ್ರಾ?" ಎಂದು ಕೇಳುತ್ತಾರೆ. ಇಲ್ಲ ಎನ್ನುವ ಮುಂಚೆ ನಾನು ಇನ್ನೊಮ್ಮೆ ನೋಡುತ್ತೇನೆ.

ಆ ಮುದುಕಿಯ ವಿಷಯ ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಮಾವನಿಗೆ ಕಾಣಲಿಲ್ಲ, ನಾನು ಹಿಂದೆ ತಿರುಗಲಿಲ್ಲ. ಆಕೆ ಯಾರು, ಗೇಟಿನ ಮುಂದೆ ಇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.