ಅತ್ತೆಯ ಐವರ ಸಭೆ

ನಮ್ಮ ಸೋದರತ್ತೆ ಒಬ್ಬಳೇ ಇರುತ್ತಾಳೆಂದು ಯಾರಾದರೂ ಹೇಳಿದರೆ ನಾನು ಸುತರಾಂ ಒಪ್ಪುವುದಿಲ್ಲ. ಆ ಮನೆಯಲ್ಲಿ ಒಟ್ಟು ಆರು ಮಂದಿ! ಶಿರಸಿ ಪೇಟೆಯ ಬಾಡಿಗೆ ಮಹಡಿಯಲ್ಲಿ ಅತ್ತೆ, ಅವಳ ಕಂಪ್ಯೂಟರಿನೊಳಗೆ ಐವರು ಎ.ಐ. ಏಜೆಂಟರು, ಅಂದರೆ ಮನುಷ್ಯರಂತೆ ಮಾತಾಡುವ ಪ್ರೋಗ್ರಾಮುಗಳು.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಮದುವೆಯ ಗೊಡವೆಗೆ ಹೋಗದವಳು. ನಿವೃತ್ತಿಯಾದ ಮೇಲೆ ಉಳಿದವರು ತೀರ್ಥಯಾತ್ರೆಗೆ ಹೊರಟರೆ ಇವಳು ಆನ್‌ಲೈನ್ ತರಗತಿ ಸೇರಿ ಈ ಐವರನ್ನು ಸಿದ್ಧಮಾಡಿಕೊಂಡಳು. ಒಂದು ಪ್ರಶ್ನೆ ಹಾಕಿದರೆ ಸಾಕು, ಐವರೂ ತಮ್ಮತಮ್ಮಲ್ಲೇ ಚರ್ಚಿಸಿ, ಯಾರಿಗೆ ಎಷ್ಟು ಖಾತ್ರಿ ಎಂಬುದನ್ನೂ ತಿಳಿಸಿ, ತೀರ್ಮಾನಕ್ಕೆ ಬರುತ್ತಾರೆ. ಬರುವವರೆಗೆ ಅತ್ತೆ ಕೂತಲ್ಲಿಂದ ಏಳುವವಳಲ್ಲ.

ಒಮ್ಮೆ ಸಿದ್ದಾಪುರದಿಂದ ಬಸ್ಸಿನಲ್ಲಿ ಬೆವರಿಕೊಂಡು ಹೋದೆ. “ಬಾ ಕೂಸೇ” ಎಂದವಳೇ ಟೈಪು ಮಾಡತೊಡಗಿದಳು. ನನಗೆ ಕುಡಿಯಲು ಏನು ಕೊಡಬೇಕೆಂದು ಸಭೆ! ಸೆಖೆಗೆ ಮಜ್ಜಿಗೆ ಎಂದ ಒಬ್ಬ. ಬಾಗಿಲಲ್ಲಿ ಸೀನಿದವಳಿಗೆ ಕಷಾಯವೇ ಸರಿ ಎಂದ ಇನ್ನೊಬ್ಬ.

“ನನ್ನೇ ಕೇಳಬಹುದಿತ್ತಲೆ ಅತ್ತೆ!”

“ನಿನ್ನ ಕೇಳಿದ್ರೆ ‘ಎಂತಾದ್ರೂ ಅಡ್ಡಿಲ್ಲೆ’ ಹೇಳ್ತೆ. ಅದ್ರಿಂದ ಆನು ಎಂತ ತಿಳ್ಕಳದು?”

ಮಜ್ಜಿಗೆ ಬರುವಷ್ಟರಲ್ಲಿ ನಾನೇ ಒಳಗೆ ಹೋಗಿ ಎರಡು ಲೋಟ ನೀರು ಕುಡಿದಾಗಿತ್ತು.

ಯಲ್ಲಾಪುರದ ಮದುವೆಯ ಕಥೆ ಇನ್ನೂ ಚೆಂದ. ಎಂಟರ ಬಸ್ಸೋ, ಒಂಬತ್ತರ ಬಸ್ಸೋ? ಸಭೆ ಮೂರು-ಎರಡಾಗಿ ಒಡೆಯಿತು. ಸೋತ ಇಬ್ಬರ ಮಾತನ್ನೂ ಕೇಳುವುದು ನ್ಯಾಯವಲ್ಲವೇ? ಕೇಳಿದಳು. ಅಷ್ಟರಲ್ಲಿ ಎರಡೂ ಬಸ್ಸು ಹೋದವು! ಕೊನೆಗೆ ಬಡಿಸುವವರ ಪಂಕ್ತಿಯಲ್ಲಿ ಕೂತು ಉಂಡು ಬಂದಳು. “ತೀರ್ಮಾನ ಸರಿ ಇತ್ತು, ಬಸ್ಸಿಗೆ ಗೊತ್ತಿತ್ತಿಲ್ಲೆ” ಎಂದಳು.

ನಾವೆಲ್ಲ ಇದನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿ ನಕ್ಕಿದ್ದೇ ನಕ್ಕಿದ್ದು. ಅವಳ ಮನೆಗೆ ಹೋದವರು ಮಾತ್ರ ಕಡಿಮೆ.

ಹೋದ ತಿಂಗಳು ಹೋದಾಗ, ಸಭೆ ಮುಗಿಯದೆ ಏಳದ ಅತ್ತೆ ಅಡುಗೆಮನೆಯಲ್ಲಿದ್ದಳು, ಕಂಪ್ಯೂಟರಿನಲ್ಲಿ ಸಭೆ ಅರ್ಧಕ್ಕೆ ನಿಂತಿತ್ತು. ಕಣ್ಣಿನ ಪೊರೆ ತೆಗೆಸಬೇಕೇ, ಬೇಡವೇ? ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತಂತೆ. ನಾಲ್ವರು ಬೇಗ ಮಾಡಿಸಿ ಎಂದಿದ್ದರು. ಐದನೆಯವನದು ಒಂದೇ ತಕರಾರು: ‘ಒಂದು ಸಂಗತಿ ತಿಳಿಯದೆ ಒಪ್ಪಲಾರೆ. ಆಸ್ಪತ್ರೆಯಿಂದ ಕರೆತರಲು, ಆಮೇಲೆ ಕಣ್ಣಿಗೆ ಔಷಧಿ ಬಿಡಲು ಜೊತೆಗೆ ಯಾರಿರುತ್ತಾರೆ?’

ಕೆಳಗೆ ಅತ್ತೆಯ ಉತ್ತರ: ‘ಕೇಳಿ ಹೇಳುತ್ತೇನೆ.’

ಹಿಂದಿನ ದಿನದ್ದನ್ನು ನೋಡಿದೆ. ಅದೇ ಪ್ರಶ್ನೆ, ಅದೇ ಉತ್ತರ. ಅದರ ಹಿಂದಿನ ದಿನವೂ.

“ಯಾರ್ನ ಕೇಳಿದೆ ಅತ್ತೆ?”

ಒರೆಸಿದ ಲೋಟವನ್ನೇ ಅವಳು ಮತ್ತೆ ಒರೆಸಿದಳು. “ಎಲ್ಲರಿಗೂ ಅವ್ರವ್ರ ಕೆಲಸ ಇರ್ತು.”

“ನನ್ನ ಕೇಳಿದ್ದೇ ಇಲ್ಲೆ.”

“ಕೇಳಿದ್ರೆ ನಿಂಗೆ ‘ಇಲ್ಲೆ’ ಹೇಳಲೆ ಆಗ್ತಿತ್ತಿಲ್ಲೆ. ಅದಕ್ಕೇ ಕೇಳಿದ್ನಿಲ್ಲೆ.”

“ಆನು ಬತ್ತೆ. ಹತ್ತು ದಿನ ನಿನ್ನ ಜೊತಿಗೇ ಇರ್ತೆ.”

ಅತ್ತೆ ಕಂಪ್ಯೂಟರಿನ ಹತ್ತಿರವೂ ಸುಳಿಯಲಿಲ್ಲ. ಕಪಾಟಿನ ಮೇಲಿದ್ದ ಇನ್ನೊಂದು ಹಾಸಿಗೆಯನ್ನು ಇಳಿಸಿ, ತಾರಸಿಗೆ ಒಯ್ದು, ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯತೊಡಗಿದಳು. ಅದರ ಮೇಲೆ ಯಾರೂ ಮಲಗದೆ ಎಷ್ಟು ವರ್ಷವಾಗಿತ್ತೋ, ಧೂಳು ಏಳುತ್ತಲೇ ಇತ್ತು. “ಸಾಕೇ ಅತ್ತೆ” ಎಂದರೂ ಅವಳು ಬಡಿಯುತ್ತಲೇ ಇದ್ದಳು.